ಗೋಡೆಯ ಮೇಲಿನ ಹಳೆಯ ಫೋಟೋವನ್ನು ಓದುವ ಬಗೆ

ಸುಣ್ಣ ಬಳಿಸುವಾಗಲೋ ಮನೆ ಬದಲಿಸುವಾಗಲೋ ಗೋಡೆಯಿಂದ ಇಳಿದ ಹಳೆಯ ಫೋಟೋವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಮೊಳೆಗೆ ಸಿಕ್ಕಿಸುತ್ತೇವೆ. ಇಲ್ಲವೇ ಮೊಬೈಲಿನಲ್ಲಿ ಒಂದು ಚಿತ್ರ ಹೊಡೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಮೂಲವನ್ನು ಅಟ್ಟಕ್ಕೆ ಏರಿಸುತ್ತೇವೆ. ಹಾಗೆ ಮಾಡಿದಾಗ ಮುಖವೇನೋ ಉಳಿಯುತ್ತದೆ. ಆ ಮುಖವನ್ನು ಯಾರು, ಯಾವಾಗ, ಯಾರ ಕಣ್ಣಿಗೆ ಹೇಗೆ ಕಾಣಲೆಂದು ಹಾಗೆ ಕೂರಿಸಿದರು ಎಂಬ ಸುಳಿವು ಮಾತ್ರ ರಟ್ಟಿನ ಹಿಂಬದಿಯಲ್ಲಿ, ಚಿತ್ರದ ಅಂಚಿನಲ್ಲಿ, ಗಾಜಿನ ಮೇಲಿನ ಗಂಧ-ಕುಂಕುಮದಲ್ಲಿ ಇರುತ್ತದೆ. ಒರೆಸುವ ಮೊದಲು ಅದನ್ನು ಓದಬೇಕು. ಒಂದು ಫೋಟೋಗೆ ಸುಮಾರು ಒಂದು ಗಂಟೆ ಇಟ್ಟುಕೊಳ್ಳಿ. ಒಂದೇ ದಿನ ಇಪ್ಪತ್ತು ಫೋಟೋ ಮುಗಿಸಲು ಹೊರಟರೆ ಯಾವುದನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ.

ಬೇಕಾದ ಸಾಮಾನು ಹೆಚ್ಚಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ (ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದೂ ಆದೀತು), ಒಂದು ಟಾರ್ಚು, ನೋಟು ಪರೀಕ್ಷಿಸುವ ಪುಟ್ಟ ಅಲ್ಟ್ರಾವಯಲೆಟ್ ದೀಪ, ಅಳತೆಪಟ್ಟಿ, 2ಬಿ ಪೆನ್ಸಿಲು, ಬೆಣ್ಣೆಕಾಗದದ ನಾಲ್ಕೈದು ಹಾಳೆ, ಹಾಸಲು ದಪ್ಪ ಟವೆಲು. ಬಾಲ್ ಪೆನ್ನು, ಸ್ಕೆಚ್ ಪೆನ್ನು, ಸೆಲ್ಲೋಟೇಪು, ಕಾಫಿ ಲೋಟ ಮೇಜಿನ ಹತ್ತಿರ ಸುಳಿಯಬಾರದು. ಕೈ ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳಿ. ಹಳೆಯ ಫೋಟೋದ ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಿಂದ, ಅದರ ಮೇಲೆ ಬೆರಳಿನ ಎಣ್ಣೆ ಇಂದು ಕಾಣದಿದ್ದರೂ ವರ್ಷಗಳ ನಂತರ ಕಂದು ಗುರುತಾಗಿ ಮೇಲೇಳುತ್ತದೆ.

ಗೋಡೆಯಲ್ಲಿ ಇರುವಾಗಲೇ

ಇಳಿಸುವ ಮೊದಲು ಇಡೀ ಗೋಡೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಯಾವ ಫೋಟೋ ಯಾವುದರ ಪಕ್ಕದಲ್ಲಿತ್ತು, ಯಾವುದು ಮೇಲಿತ್ತು, ದೇವರ ಪಟಗಳಿಂದ ಎಷ್ಟು ದೂರ ಎಂಬುದು ಆ ಮನೆಯವರು ತಮ್ಮ ಬಂಧು-ಬಳಗವನ್ನು ಹೇಗೆ ಜೋಡಿಸಿಕೊಂಡಿದ್ದರು ಎಂಬುದರ ನಕ್ಷೆ. ತೀರಿಕೊಂಡವರ ಫೋಟೋಗಳನ್ನು ಹಲವು ಮನೆಗಳಲ್ಲಿ ದಕ್ಷಿಣದ ಗೋಡೆಗೆ ಹಾಕುತ್ತಾರೆ, ದೇವರ ಸಾಲಿನಲ್ಲಿ ಬೆರೆಸುವುದಿಲ್ಲ. ಹಾರ ಬಿದ್ದ ಫೋಟೋ ಎಂದರೆ ತೀರಿಕೊಂಡವರದು. ಬದುಕಿರುವವರ ಫೋಟೋಗೆ ಹಾರ ಹಾಕಿದರೆ ಹಿರಿಯರು ಬೆಚ್ಚಿಬೀಳುತ್ತಾರೆ. ಹೆಂಗಸಿನ ಫೋಟೋದ ಹಣೆಯ ಮೇಲೆ ಗಾಜಿಗೆ ಕುಂಕುಮ ಇಟ್ಟಿದ್ದರೆ ಆಕೆ ಮುತ್ತೈದೆಯಾಗಿ ಹೋದವರು ಎಂದು ಹಲವು ಮನೆಗಳಲ್ಲಿ ಅರ್ಥ, ಆದರೆ ಎಲ್ಲ ಫೋಟೋಗಳಿಗೂ ಕುಂಕುಮ ಇಡುವ ಮನೆಗಳೂ ಇವೆ. ಹಾಗಾಗಿ ಒಂದನ್ನೇ ನೋಡಿ ತೀರ್ಮಾನಿಸದೆ ಅದೇ ಗೋಡೆಯ ಉಳಿದವುಗಳ ಜೊತೆ ಹೋಲಿಸಿ.

ಈ ಗುರುತುಗಳೇ ಫೋಟೋಗೆ ಕೇಡನ್ನೂ ತರುತ್ತವೆ. ಹೂವಿನ ಹಾರದ ನೀರು ಗಾಜಿನ ಮೇಲೆ ಇಳಿದು ಕಟ್ಟಿನ (ಫ್ರೇಮಿನ) ಕೆಳಪಟ್ಟಿಯ ಸಂದಿಗೆ ಸೇರುತ್ತದೆ. ಹಳೆಯ ಫೋಟೋಗಳಲ್ಲಿ ಕೆಳಗಿನ ಎರಡು ಬೆರಳಗಲ ಮಾತ್ರ ಬೂಷ್ಟು ಹಿಡಿದಿರುವುದು ಇದೇ ಕಾರಣಕ್ಕೆ. ಗಂಧ-ಕುಂಕುಮ ಗಾಜಿನ ಮೇಲಿರುವಾಗಲೇ ಒಂದು ಚಿತ್ರ ತೆಗೆದುಕೊಳ್ಳಿ, ಆಮೇಲೆ ಒಣ ಹತ್ತಿ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರೆಸಿ. ಗಾಜಿನ ಮೇಲೆ ನೀರನ್ನು ನೇರವಾಗಿ ಸಿಂಪಡಿಸಬೇಡಿ.

ಕಟ್ಟು ಬಿಚ್ಚುವುದು

ಮೊದಲು ಫೋಟೋ ಗಾಜಿಗೆ ಅಂಟಿದೆಯೇ ನೋಡಿ. ಕಟ್ಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಂಟಿದ ಜಾಗ ಒದ್ದೆಯಾದಂತೆ ಗಾಢವಾಗಿ, ನುಣ್ಣಗೆ ಕಾಣುತ್ತದೆ. ಉಳಿದ ಕಡೆ ಮಂಕು. ಅಂಟಿದ್ದರೆ ಅಲ್ಲಿಗೇ ನಿಲ್ಲಿಸಿ, ಗಾಜಿನ ಸಮೇತವೇ ಅದರ ಚಿತ್ರ ತೆಗೆದುಕೊಳ್ಳಿ. ಚಿತ್ರವನ್ನು ಹಿಡಿದಿಟ್ಟಿರುವ, ಅಂಟಿನಂಥ ಜಿಲಾಟಿನ್ ಪದರ ತೇವ ಕುಡಿದು ಮೆತ್ತಗಾಗಿ ಗಾಜಿಗೆ ಹತ್ತಿ ಒಣಗಿರುತ್ತದೆ, ಎಳೆದರೆ ಮುಖ ಗಾಜಿನಲ್ಲಿ ಉಳಿದು ಕಾಗದ ಮಾತ್ರ ಕೈಗೆ ಬರುತ್ತದೆ. ಬ್ಲೇಡು ತೂರಿಸುವುದು, ಹಬೆ ತೋರಿಸುವುದು ಯಾವುದೂ ಮನೆಯಲ್ಲಿ ಮಾಡುವ ಕೆಲಸವಲ್ಲ.

ಅಂಟಿರದಿದ್ದರೆ ಟವೆಲಿನ ಮೇಲೆ ಕಟ್ಟನ್ನು ಬೋರಲು ಮಲಗಿಸಿ. ಹಿಂಬದಿಯ ಕಾಗದವನ್ನು ಹರಿಯುವ ಮೊದಲು ಓದಿ: ಕಟ್ಟು ಹಾಕಿದ ಅಂಗಡಿಯ ಚೀಟಿ ಅಲ್ಲಿರಬಹುದು, ಒಳಗೆ ದಪ್ಪಕ್ಕಾಗಿ ಮಡಿಸಿಟ್ಟ ಹಳೆಯ ಪತ್ರಿಕೆಯ ಹಾಳೆಯೂ ಇರಬಹುದು. ಪತ್ರಿಕೆಯ ತಾರೀಕು ಕಟ್ಟಿನ ಕಾಲ ಹೇಳುತ್ತದೆ, ಫೋಟೋದ ಕಾಲ ಹೇಳುವುದಿಲ್ಲ. 1930ರಲ್ಲಿ ತೆಗೆದ ಚಿತ್ರಕ್ಕೆ ಅಜ್ಜ ತೀರಿಕೊಂಡ ವರ್ಷ ಕಟ್ಟು ಹಾಕಿಸಿರುವುದು ಮಾಮೂಲಿ. ಹಾಗೆ ನೋಡಿದರೆ ಆ ಎರಡನೆಯ ತಾರೀಕಿಗೂ ಅಷ್ಟೇ ಬೆಲೆಯಿದೆ, ಏಕೆಂದರೆ ಆ ಫೋಟೋ ಪೆಟ್ಟಿಗೆಯಿಂದ ಹೊರಬಂದು ಗೋಡೆಯೇರಿದ ದಿನ ಅದು. ಸಣ್ಣ ಮೊಳೆಗಳನ್ನು ಇಕ್ಕಳದಿಂದ ನೇರ ಹಿಂದಕ್ಕೆ ಎಳೆಯಿರಿ, ಪಕ್ಕಕ್ಕೆ ಬಾಗಿಸಿದರೆ ಗಾಜು ಸೀಳುತ್ತದೆ.

ಕಾಲ ಕಂಡುಹಿಡಿಯುವುದು

ಉಡುಪಿನಿಂದ ಕಾಲ ಹೇಳಲು ಹೋಗಬೇಡಿ. ಸ್ಟುಡಿಯೋಗೆ ಹೋಗುವಾಗ ಜನ ಮದುವೆಯ ಕೋಟನ್ನೋ ಪಕ್ಕದ ಮನೆಯವರ ಕೋಟನ್ನೋ ಹಾಕಿಕೊಂಡು ಹೋಗುತ್ತಿದ್ದರು. ಅದಕ್ಕಿಂತ ಕಾಗದ ಹೆಚ್ಚು ನಂಬಿಕಸ್ಥ.

ತೆಳುವಾದ ಕಾಗದವನ್ನು ದಪ್ಪ ರಟ್ಟಿಗೆ ಅಂಟಿಸಿದೆ, ಬಣ್ಣ ನೇರಳೆಗಂದು, ಬಿಳಿಯ ಭಾಗಗಳು ಹಳದಿಗೆ ತಿರುಗಿವೆ, ಭೂತಗನ್ನಡಿಯಲ್ಲಿ ಚಿತ್ರದ ಮೂಲಕವೇ ಕಾಗದದ ನಾರು ಕಾಣುತ್ತದೆ ಎಂದಾದರೆ ಅದು ಹೆಚ್ಚಾಗಿ ಅಲ್ಬ್ಯುಮೆನ್ ಮುದ್ರಣ. ಕೋಳಿಮೊಟ್ಟೆಯ ಬಿಳಿಯನ್ನು ಕಾಗದಕ್ಕೆ ಬಳಿದು ಮಾಡುತ್ತಿದ್ದ ಈ ವಿಧಾನ 1850ರಲ್ಲಿ ಬಂತು, 1890ರ ದಶಕದ ತನಕ ಮೆರೆಯಿತು. ರಟ್ಟಿನ ಅಳತೆ ಸುಮಾರು 6.4 × 10 ಸೆಂಟಿಮೀಟರ್ ಇದ್ದರೆ ಅದು ಭೇಟಿಚೀಟಿ ಗಾತ್ರದ ಫೋಟೋ, 1860ರ ದಶಕದಿಂದ ಜಗತ್ತಿನಾದ್ಯಂತ ಹರಡಿದ್ದು. 10.8 × 16.5 ಸೆಂಟಿಮೀಟರ್ ಇದ್ದರೆ ಕ್ಯಾಬಿನೆಟ್ ಗಾತ್ರ. ನಾರು ಕಾಣದೆ ಮೇಲ್ಮೈ ನಯವಾಗಿದ್ದು, ಕಪ್ಪು ಭಾಗಗಳ ಅಂಚಿನಲ್ಲಿ ಪಾದರಸ ಬಳಿದಂತೆ ನೀಲಿ ಮಿಶ್ರಿತ ಬೆಳ್ಳಿಹೊಳಪು ಕಂಡರೆ ಜಿಲಾಟಿನ್ ಬೆಳ್ಳಿ ಮುದ್ರಣ. ನಮ್ಮ ಮನೆಗಳಲ್ಲಿರುವ ಕಪ್ಪು-ಬಿಳುಪು ಫೋಟೋಗಳಲ್ಲಿ ಬಹುಪಾಲು ಇದೇ. ಆ ಹೊಳಪು ಕೊಳೆಯಲ್ಲ, ಚಿತ್ರದೊಳಗಿನ ಬೆಳ್ಳಿಯೇ ಮೇಲೆ ಬಂದಿರುವುದು. ಉಜ್ಜಿದರೆ ಚಿತ್ರವನ್ನೇ ಉಜ್ಜಿದಂತೆ. ಹಿಂಬದಿ ಪ್ಲಾಸ್ಟಿಕ್ಕಿನಂತೆ ಜಾರಿದರೆ 1970ರ ದಶಕದಿಂದ ಈಚಿನದು.

ಕೋಣೆ ಕತ್ತಲು ಮಾಡಿ ಅಲ್ಟ್ರಾವಯಲೆಟ್ ದೀಪವನ್ನು ಕಾಗದದ ಬಿಳಿ ಅಂಚಿಗೆ ಎರಡು-ಮೂರು ಸೆಕೆಂಡು ಹಿಡಿಯಿರಿ. ನೀಲಿಯಾಗಿ ಬೆಳಗಿದರೆ 1950ರ ದಶಕದ ಮುಂಚಿನ ಕಾಗದವಲ್ಲ. ಕಾಗದಕ್ಕೆ ಬಿಳುಪು ಕೊಡುವ ಹೊಳಪುಕಾರಕ ಸೇರಿಸತೊಡಗಿದ್ದು ಆಗ. ಬೆಳಗದಿದ್ದರೆ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಆಮೇಲೂ ಹೊಳಪುಕಾರಕವಿಲ್ಲದ ಕಾಗದ ಮಾರಾಟವಾಗುತ್ತಿತ್ತು. ಅಜ್ಜನ ಕಾಲದ್ದೆಂದು ಮನೆಯವರು ಹೇಳುವ ಫೋಟೋ ಹೀಗೆ ಬೆಳಗಿದರೆ ಗಾಬರಿ ಬೇಡ. ಹಳೆಯ ಫೋಟೋವನ್ನು ಮತ್ತೆ ಫೋಟೋ ತೆಗೆದು ಮಾಡಿದ ಪ್ರತಿ ಅದಾಗಿರಬಹುದು. ಮೂಲದ ಬಿರುಕು, ಮಡಿಕೆ, ಗೆದ್ದಲು ತಿಂದ ಅಂಚು ಇದರಲ್ಲಿ ಕಣ್ಣಿಗೆ ಕಾಣುತ್ತವೆ, ಬೆರಳಿಗೆ ಸಿಗುವುದಿಲ್ಲ.

ಇನ್ನು ಹಿಂಬದಿಯ ರಬ್ಬರ್ ಮೊಹರು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ ಆ ಮೊಹರನ್ನು ಮಾಡಿಸಿದ್ದು 1973ರ ನವೆಂಬರ್ 1ಕ್ಕಿಂತ ಮುಂಚೆ. ಬೆಲೆ ಆಣೆಯಲ್ಲಿದ್ದರೆ 1957ರ ಹಿಂದಿನದಿರಬೇಕು. ಕಾಗದದ ಹಿಂದೆ ‘ಇಂದು’ ಎಂಬ ಹೆಸರು ಸಣ್ಣಗೆ ಅಚ್ಚಾಗಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು. ಅಲ್ಲಿ ಉತ್ಪಾದನೆ ಶುರುವಾದದ್ದು 1967ರಲ್ಲಿ. ಹಳೆಯ ಮೊಹರನ್ನು ಸವೆಯುವ ತನಕ ಬಳಸುವುದು ಸ್ಟುಡಿಯೋಗಳ ರೂಢಿಯಾದ್ದರಿಂದ, ಮೊಹರಿನ ಗಡಿಗೆ ನಾಲ್ಕೈದು ವರ್ಷ ಸಡಿಲ ಕೊಡಿ.

ಬಣ್ಣವಿಲ್ಲದ ಚಿತ್ರದಲ್ಲಿ ಬಣ್ಣ

ಎಲ್ಲರೂ ಎಡವುವುದು ಇಲ್ಲಿ. 1930ರ ದಶಕದ ತನಕ, ಕೆಲವು ಸ್ಟುಡಿಯೋಗಳಲ್ಲಿ ಅದರ ಆಚೆಗೂ, ಬಳಕೆಯಲ್ಲಿದ್ದ ಪ್ಲೇಟು-ಫಿಲ್ಮುಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ನೀಲಿ ಮಾತ್ರ ಅತಿಯಾಗಿ ಕಾಣುತ್ತಿತ್ತು. ಹಾಗಾಗಿ ಕುಂಕುಮ ಕಾಡಿಗೆಯಷ್ಟು ಕಪ್ಪು, ಕನಕಾಂಬರದ ದಂಡೆ ಮಂಕು, ಎಲೆಯಡಿಕೆ ಹಾಕಿದ ತುಟಿ ಕಪ್ಪು, ತಿಳಿನೀಲಿ ಸೀರೆ ಬೆಳ್ಳಗೆ ಬರುತ್ತಿತ್ತು. ಗೋಧಿ ಬಣ್ಣದ ಮುಖವೂ ನಿಜಕ್ಕಿಂತ ಕಪ್ಪಾಗಿ ಮೂಡುತ್ತಿತ್ತು. ಫೋಟೋ ನೋಡಿ ‘ಮುತ್ತಜ್ಜಿ ಬಿಳಿ ಸೀರೆ ಉಡುತ್ತಿದ್ದರು’ ಎಂದು ಬರೆದಿಡುವ ಮೊದಲು ಇದನ್ನು ನೆನೆಯಿರಿ. ಕರ್ನಾಟಕದ ಎಷ್ಟೋ ಬ್ರಾಹ್ಮಣ ಮನೆಗಳಲ್ಲಿ ವಿಧವೆಯರು ಉಡುತ್ತಿದ್ದದ್ದು ಕೆಂಪು ಸೀರೆ. ಅದು ಈ ಫಿಲ್ಮಿನಲ್ಲಿ ಕಪ್ಪಾಗಿ ಬರುತ್ತದೆ. ವೈಧವ್ಯದ ಸುಳಿವು ಬೇಕಿದ್ದರೆ ಸೀರೆಯ ಬಣ್ಣ ಬಿಟ್ಟು ತಲೆಯ ಮೇಲೆ ಎಳೆದ ಸೆರಗು, ಬರಿಯ ಮುಂಗೈ, ಬರಿಯ ಹಣೆ ಮೂರನ್ನೂ ಒಟ್ಟಿಗೆ ನೋಡಿ.

ಚಿತ್ರ ಎಡ-ಬಲ ಅದಲು-ಬದಲಾಗಿದೆಯೇ ಎಂಬುದನ್ನೂ ಈಗಲೇ ತಿಳಿದುಕೊಳ್ಳಿ, ನೆಗೆಟಿವನ್ನು ಮಗುಚಿ ಮುದ್ರಿಸುವುದು ಅಪರೂಪವಲ್ಲ. ಜನಿವಾರ ಎಡ ಹೆಗಲಿನಿಂದ ಇಳಿಯಬೇಕು, ಸೆರಗು ಸಾಮಾನ್ಯವಾಗಿ ಎಡ ಹೆಗಲ ಮೇಲಿರುತ್ತದೆ, ಗಂಡಸರ ಅಂಗಿಯ ಎಡಮಗ್ಗುಲು ಮೇಲೆ ಬರುತ್ತದೆ. ಒಂದಕ್ಕಿಂತ ಹೆಚ್ಚು ಗುರುತು ತಿರುಗಿದ್ದರೆ ಮಾತ್ರ ಚಿತ್ರ ಮಗುಚಿದೆ ಎನ್ನಿ. ಕೊಡವರ ಹೆಂಗಸರು ನೆರಿಗೆಯನ್ನು ಹಿಂದಕ್ಕೆ ಹಾಕಿ ಸೆರಗನ್ನು ಬಲ ಹೆಗಲಿಗೆ ಸಿಕ್ಕಿಸುವುದರಿಂದ ಆ ಒಂದು ಗುರುತು ನಂಬಿ ಕೊಡಗಿನ ಫೋಟೋವನ್ನು ‘ಸರಿಪಡಿಸಿದರೆ’ ತಪ್ಪಾಗುತ್ತದೆ.

ಮೊಗ್ಗಿನ ಜಡೆಯ ಫೋಟೋ

ನಮ್ಮ ಕಡೆಯ ಸ್ಟುಡಿಯೋಗಳ ಅತ್ಯಂತ ಜಾಣ ಚಿತ್ರ ಯಾವುದೆಂದರೆ ಇದನ್ನೇ ತೋರಿಸಬೇಕು. ಮಲ್ಲಿಗೆ ಮೊಗ್ಗುಗಳನ್ನು ಸಾಲಾಗಿ ಹೊಲಿದು ಜಡೆ ಹಾಕಿಸಿಕೊಂಡ ಹುಡುಗಿ ಕ್ಯಾಮೆರಾ ಕಡೆ ಮುಖ ಮಾಡಿದರೆ ಜಡೆ ಕಾಣುವುದಿಲ್ಲ. ಬೆನ್ನು ಮಾಡಿದರೆ ಮುಖ ಕಾಣುವುದಿಲ್ಲ. ಅದಕ್ಕೇ ಹಿಂದೆ ಓರೆಯಾಗಿ ನಿಲುವುಗನ್ನಡಿ. ಒಂದೇ ಚಿತ್ರದಲ್ಲಿ ಮುಖವೂ ಬಂತು, ಗಂಟೆಗಟ್ಟಲೆ ಕೂತು ಹೊಲಿದವರ ಕೈಕೆಲಸವೂ ಬಂತು.

ಇದನ್ನು ಓದುವಾಗ ಮೊದಲು ಕನ್ನಡಿಯ ಒಳಗೆ ನೋಡಿ. ಕನ್ನಡಿಯ ಓರೆ ಸರಿಯಿದ್ದರೆ ಅಲ್ಲಿ ಜಡೆ ಮತ್ತು ಪರದೆ ಮಾತ್ರ ಇರುತ್ತದೆ. ಓರೆ ಕಡಿಮೆಯಾಗಿದ್ದರೆ ಕ್ಯಾಮೆರಾ ಸ್ಟ್ಯಾಂಡಿನ ಕಾಲು, ದೀಪದ ಗುಂಡು, ಕೆಲವೊಮ್ಮೆ ಮಗುವನ್ನು ನಗಿಸಲು ಪಕ್ಕದಲ್ಲಿ ನಿಂತ ಅಮ್ಮನ ಸೆರಗು ಸಿಗುತ್ತದೆ. ಹಾಗೆ ಸಿಕ್ಕರೆ ಅದನ್ನೇ ಮೊದಲು ಬರೆದುಕೊಳ್ಳಿ, ಎಷ್ಟೋ ಮನೆಗಳಲ್ಲಿ ಆ ಹೆಂಗಸಿನ ಬೇರೆ ಚಿತ್ರವೇ ಇರುವುದಿಲ್ಲ. ಆಮೇಲೆ ಸಂದರ್ಭ. ಚಿಕ್ಕ ಹುಡುಗಿಯಾದರೆ ಹಬ್ಬ, ಲಂಗ-ದಾವಣಿಯ ವಯಸ್ಸಾದರೆ ಮೈನೆರೆದಾಗಿನ ಆರತಿ, ಕೈ ತುಂಬ ಹಸಿರು ಬಳೆಯ ತರುಣಿಯಾದರೆ ಸೀಮಂತ ಇರಬಹುದು. ಕಪ್ಪು-ಬಿಳುಪಿನಲ್ಲಿ ಹಸಿರು ತಿಳಿಯದು; ಬಳೆಗಳ ಸಂಖ್ಯೆ ಎಣಿಸಿ. ಮಲ್ಲಿಗೆ ಮೊಗ್ಗು ಸಿಗುವ ಕಾಲವೂ ಸುಳಿವು, ಮೈಸೂರಿನ ಕಡೆ ಅದು ಬೇಸಿಗೆಯ ಹೂವು.

ಪರದೆಯ ಮೇಲೆ ಬರೆದ ಮೆಟ್ಟಿಲು, ಕಂಬ, ಹೂದೋಟಗಳನ್ನು ಆ ಮನೆಯವರದೆಂದು ತಿಳಿಯಬೇಡಿ. ಪರದೆಯ ಕೆಳ ಅಂಚು ನೆಲ ಮುಟ್ಟುವ ಗೆರೆ ಹುಡುಕಿ. ಒಂದೇ ಪರದೆ, ಒಂದೇ ಸ್ಟೂಲು ಬೇರೆ ಬೇರೆ ಮನೆಗಳ ಫೋಟೋಗಳಲ್ಲಿ ಸಿಕ್ಕರೆ ಮೊಹರಿಲ್ಲದಿದ್ದರೂ ಸ್ಟುಡಿಯೋ ಗೊತ್ತಾಗುತ್ತದೆ. ಕೈಯಲ್ಲಿ ಕೊಟ್ಟ ಪುಸ್ತಕ, ಬೆತ್ತ, ಮೇಜಿನ ಮೇಲಿನ ರೇಡಿಯೋ ಕೂಡ ಸ್ಟುಡಿಯೋದವೇ ಇರಬಹುದು. ಅವು ಇದ್ದದ್ದನ್ನು ಹೇಳದಿದ್ದರೂ ಹೇಗೆ ಕಾಣಬೇಕೆಂಬ ಆಸೆಯನ್ನು ಹೇಳುತ್ತವೆ, ಅದೂ ದಾಖಲೆಯೇ.

ತಿದ್ದಿದ್ದು, ಜೋಡಿಸಿದ್ದು

ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಬೆಳಕು ಫೋಟೋದ ಮೇಲೆ ಅಡ್ಡಡ್ಡ ಹಾಯುವಂತೆ ಮಾಡಿ. ಬಣ್ಣ ಬಳಿದ ಜಾಗ ಉಬ್ಬಿ ಕಾಣುತ್ತದೆ: ಜರತಾರಿ ಅಂಚು, ಕೆನ್ನೆ, ಒಡವೆ. ಸರದ ಕೆಳಗೆ ಚರ್ಮದ ಮೇಲೆ ನೆರಳಿದ್ದರೆ ಸರ ನಿಜವಾಗಿ ಕೊರಳಲ್ಲಿತ್ತು. ನೆರಳಿಲ್ಲದೆ ಬರಿಯ ಹೊಳಪಿದ್ದರೆ ಕುಂಚದಿಂದ ಬಂದದ್ದು. ತೀರಿಕೊಂಡವರ ಒಂಟಿ ಫೋಟೋ ಇಲ್ಲದಿದ್ದಾಗ ಯಾವುದೋ ಮದುವೆಯ ಗುಂಪಿನ ಚಿತ್ರದಿಂದ ಉಗುರಿನಷ್ಟು ಮುಖ ತೆಗೆದು ಹಿಗ್ಗಿಸಿ, ಕೋಟು-ರುಮಾಲು ಕಲಾವಿದನೇ ಬರೆದುಕೊಡುವುದಿತ್ತು. ಮುಖ ಮಸುಕು, ಕೋಟಿನ ಗುಂಡಿ ಮಾತ್ರ ಚೂಪು ಎಂದರೆ ಅನುಮಾನಿಸಿ. ಗುಂಪಿನ ಚಿತ್ರದಲ್ಲಿ ಒಬ್ಬರ ಮೂಗಿನ ನೆರಳು ಉಳಿದವರದಕ್ಕೆ ವಿರುದ್ಧ ದಿಕ್ಕಿಗಿದ್ದರೆ ಅವರನ್ನು ಆಮೇಲೆ ಕತ್ತರಿಸಿ ಸೇರಿಸಿದ್ದಾರೆ. ಇದನ್ನು ‘ನಕಲಿ’ ಎಂದು ಬದಿಗಿಡುವುದು ದೊಡ್ಡ ತಪ್ಪು. ಇರಲೇಬೇಕಿತ್ತು ಎನಿಸಿದವರನ್ನು ಕೂರಿಸಿ ಮನೆಯವರು ಪೂರ್ತಿ ಮಾಡಿದ ಚಿತ್ರ ಅದು.

ಹೆಸರಿಲ್ಲದ ಫೋಟೋಗಳು

ವಸಾಹತು ಕಾಲದ ಸಂಗ್ರಹಗಳಲ್ಲಿ ನಮ್ಮ ಊರಿನವರ ಚಿತ್ರ ಸಿಕ್ಕಾಗ ಶೀರ್ಷಿಕೆಯನ್ನು ಮೊದಲು ಓದಿ. ಹೆಸರಿನ ಬದಲು ಜಾತಿಯೋ ಕಸುಬೋ ಇದ್ದರೆ ಅಲ್ಲಿ ಕೂತವರನ್ನು ಮಾದರಿಯಾಗಿ ಬಳಸಿದ್ದಾರೆ. 1869ರಲ್ಲಿ ಲ್ಯಾಂಪ್ರೆ ಎಂಬಾತ ಎರಡಂಗುಲದ ಚೌಕಗಳ ಜಾಲವನ್ನು ಹಿಂದೆ ಕಟ್ಟಿ ಮನುಷ್ಯರ ಮೈಯನ್ನು ಅಳೆಯುವಂತೆ ಫೋಟೋ ತೆಗೆಯುವ ಕ್ರಮ ಹಾಕಿಕೊಟ್ಟ. ಬೆಂಗಳೂರಿನಲ್ಲಿ 1956ರಲ್ಲಿ ಹುಟ್ಟಿದ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರ ನಡುವೆ ಮಾಡಿದ ಸರಣಿಯಲ್ಲಿ ಆ ಚೌಕಗಳ ಮುಂದೆ ತಾವೇ ನಿಂತರು, ರವಿವರ್ಮನ ಚಿತ್ರದ ಹೆಣ್ಣಾಗಿಯೂ ಕೂತರು. ನೀವೂ ಒಮ್ಮೆ ಮನೆಯ ಫೋಟೋದ ಭಂಗಿಯಲ್ಲೇ, ಕೈ ಅಲ್ಲೇ, ಗದ್ದ ಅಷ್ಟೇ ಎತ್ತರಿಸಿ, ಅಲುಗಾಡದೆ ಹತ್ತು ಸೆಕೆಂಡು ಕೂತು ನೋಡಿ. ಯಾವ ಸ್ನಾಯು ಬಿಗಿಯುತ್ತದೆ, ಕಣ್ಣು ಎಲ್ಲಿಗೆ ಹೋಗಬೇಕೆನ್ನುತ್ತದೆ ಎಂಬುದು ಭೂತಗನ್ನಡಿಗೆ ಸಿಗದ ಮಾಹಿತಿ.

ಅದೇ ಜಾಗದಲ್ಲಿ ಮತ್ತೆ ನಿಲ್ಲುವುದು

ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿದೆ, ಎಲ್ಲರ ಕಣ್ಣಲ್ಲೂ ಅದರ ನೆತ್ತಿ ಚಪ್ಪಟೆ. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣದ ಕಾಗದದ ನೆಗೆಟಿವಿನಲ್ಲಿ ತೆಗೆದ ಫೋಟೋದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಗೋಪುರ ಹೋದ ಮೇಲೆ ಉಳಿದ ರೂಪವೇ ಈಗ ನಮಗೆ ‘ಮೂಲ’. ಒಂದೇ ವಸ್ತುವಿನ ಎರಡು ಕಾಲದ ಚಿತ್ರಗಳನ್ನು ಪಕ್ಕಪಕ್ಕ ಇಡದೆ ಇದು ತಿಳಿಯುತ್ತಿರಲಿಲ್ಲ.

ನಿಮ್ಮೂರಿನ ತೇರುಬೀದಿ, ಶಾಲೆ, ಮನೆಯ ಜಗಲಿಯ ಹಳೆಯ ಚಿತ್ರಕ್ಕೂ ಹೀಗೆ ಮಾಡಬಹುದು. ಚಿತ್ರದಲ್ಲಿ ಹತ್ತಿರದ್ದೊಂದು, ದೂರದ್ದೊಂದು ವಸ್ತು ಒಂದನ್ನೊಂದು ಮರೆಮಾಡುವ ಜಾಗ ಹುಡುಕಿ. ಕಂಬದ ಅಂಚು ಹಿಂದಿನ ಕಿಟಕಿಯನ್ನು ಎಷ್ಟು ಮುಚ್ಚಿದೆ ಎಂಬಂಥದ್ದು. ಅಷ್ಟೇ ಮುಚ್ಚುವ ತನಕ ಎಡ-ಬಲಕ್ಕೆ ಸರಿಯಿರಿ. ಮುಂದೆ-ಹಿಂದೆ ಸರಿದು ಎರಡರ ಗಾತ್ರದ ಅನುಪಾತ ಹೊಂದಿಸಿ, ಕೊನೆಗೆ ಎತ್ತರ. ಜೂಮ್ ಮುಟ್ಟುವುದು ಇವೆಲ್ಲ ಆದ ಮೇಲೆ. ನಿಂತ ಜಾಗ ತಪ್ಪಿದ್ದರೆ ಜೂಮ್ ಅದನ್ನು ಸರಿಮಾಡುವುದಿಲ್ಲ. ನೆರಳಿನ ದಿಕ್ಕು ಹೊಂದುವ ಗಳಿಗೆಗೆ ಕಾಯಿರಿ, ಮೂಲ ಚಿತ್ರ ಬೆಳಗಿನದೋ ಸಂಜೆಯದೋ ಎಂಬುದೂ ಆಗ ಗೊತ್ತಾಗುತ್ತದೆ.

ಹಿರಿಯರನ್ನು ಕೇಳುವುದು

ಬೆಣ್ಣೆಕಾಗದವನ್ನು ಫೋಟೋದ ಪ್ರತಿಯ ಮೇಲಿಟ್ಟು ಪ್ರತಿ ತಲೆಯ ಸುತ್ತ ಗೆರೆ ಎಳೆದು ಸಂಖ್ಯೆ ಹಾಕಿ. ಮೂಲದ ಮೇಲಿಟ್ಟು ಬರೆದರೆ ಪೆನ್ಸಿಲಿನ ಒತ್ತು ಮೂಡುತ್ತದೆ. ‘ಇದು ನಿಮ್ಮ ದೊಡ್ಡಪ್ಪ ಅಲ್ವಾ ಅಜ್ಜಿ?’ ಎಂದರೆ ‘ಹೂಂ ಕಣೋ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ‘ಈ ಕುರ್ಚಿ ಯಾರ ಮನೇದಜ್ಜಿ?’, ‘ಆವತ್ತು ಯಾರು ಬಂದಿರಲಿಲ್ಲ?’ ಎಂದು ಕೇಳಿ. ಇಲ್ಲದವರ ಮಾತು ಬಂದರೆ ಇದ್ದವರ ಮಾತು ತಾನೇ ಬರುತ್ತದೆ. ಇಬ್ಬರು ಹಿರಿಯರಿದ್ದರೆ ಬೇರೆ ಬೇರೆಯಾಗಿ ಕೇಳಿ, ಎರಡು ಉತ್ತರವನ್ನೂ ಬರೆದಿಡಿ.

ಟಿಪ್ಪಣಿಯಲ್ಲಿ ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಮೂರು ಭಾಗ ಇರಲಿ. ‘ಕಂಡದ್ದು: ರಟ್ಟು 10.8 × 16.5, ಮೊಹರಿಲ್ಲ, ಎಡಗಡೆಯ ಹುಡುಗನ ಕೈಯಲ್ಲಿ ಮುಚ್ಚಿದ ಪುಸ್ತಕ. ಕೇಳಿದ್ದು: ಉಪನಯನದ ಮರುದಿನ ತೆಗೆಸಿದ್ದು. ಊಹೆ: ಮಧ್ಯದವರು ಸೋದರಮಾವ.’ ಮೂರನ್ನೂ ಬೆರೆಸಿ ಬರೆದರೆ ಮುಂದಿನ ತಲೆಮಾರಿಗೆ ಊಹೆಯೇ ಇತಿಹಾಸವಾಗಿ ಹೋಗುತ್ತದೆ.

ಪ್ರತಿ ತೆಗೆದು ಎತ್ತಿಡುವುದು

4 × 6 ಅಂಗುಲದ ಫೋಟೋಗೆ 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ) ಸಾಕು: 2400 × 3600 ಚುಕ್ಕೆ, ಟಿಫ್ ಕಡತ ಸುಮಾರು 26 ಎಂಬಿ. ಭೇಟಿಚೀಟಿ ಗಾತ್ರದ್ದಕ್ಕೆ 1200 ಇಡಿ. ಕಪ್ಪು-ಬಿಳುಪಾದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಹಳದಿ-ನೇರಳೆಯ ಛಾಯೆ ಕಾಗದದ ಗುರುತು. ದೂಳು ತೆಗೆಯುವ, ಮುಖ ಚೂಪು ಮಾಡುವ ಆಯ್ಕೆಗಳನ್ನು ಆಫ್ ಮಾಡಿ. ಆ್ಯಪುಗಳು ಮಸುಕಾದ ಮುಖಕ್ಕೆ ತಮ್ಮದೇ ಕಣ್ಣು-ಹುಬ್ಬು ಕೂರಿಸುತ್ತವೆ, ಅದು ನಿಮ್ಮ ಮುತ್ತಜ್ಜಿಯ ಮುಖವಲ್ಲ. ಅಂಚು, ಹಿಂಬದಿ, ರಟ್ಟು ಎಲ್ಲವೂ ಸ್ಕ್ಯಾನಿನಲ್ಲಿ ಬರಲಿ. ಗಾಜಿಗೆ ಅಂಟಿದ್ದನ್ನು ಮೊಬೈಲಿನಲ್ಲಿ ತೆಗೆಯುವಾಗ ಕಿಟಕಿ ಒಂದು ಮಗ್ಗುಲಿಗಿರಲಿ, ಫ್ಲ್ಯಾಶ್ ಬೇಡ. ಕಪ್ಪು ಬಟ್ಟೆಯಲ್ಲಿ ಒಂದು ತೂತು ಮಾಡಿ ಮೊಬೈಲಿನ ಕಣ್ಣು ಅಲ್ಲಿಂದ ನೋಡುವಂತೆ ಹಿಡಿದರೆ ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಬೀಳುವುದಿಲ್ಲ.

ಮೂಲವನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ಒಂದು ಲಕೋಟೆಗೆ ಒಂದರಂತೆ ಇಡಿ. ಬರೆಯುವುದನ್ನು ಲಕೋಟೆಯ ಮೇಲೆ, ಫೋಟೋ ಒಳಹಾಕುವ ಮೊದಲೇ ಬರೆಯಿರಿ. ಅಂಟಿನ ಗೆರೆಗಳಿರುವ, ಮೇಲೆ ಪ್ಲಾಸ್ಟಿಕ್ ಹಾಳೆ ಮಗುಚುವ ಆಲ್ಬಮ್ಮುಗಳಿಂದ ಫೋಟೋ ಬಿಡಿಸುವುದೇ ಕಷ್ಟ, ಹೊಸದಾಗಿ ಅವುಗಳಲ್ಲಿ ಇಡಲೇಬೇಡಿ. ನುಸಿಗುಳಿಗೆ ಬೇಡ. ಅಟ್ಟ ಬಿಸಿ, ಗೋಡೆ ಬೀರುವಿನ ತಳ ತೇವ. ಮನೆಯ ನಡುವಿನ ಕೋಣೆಯ ಬೀರುವೇ ಒಳ್ಳೆಯದು. ಗಾಳಿಯ ತೇವ ಶೇಕಡ 65 ದಾಟಿದರೆ ಬೂಷ್ಟು ಏಳುತ್ತದೆ, ಕರಾವಳಿ-ಮಲೆನಾಡಿನ ಮಳೆಗಾಲದಲ್ಲಿ ಅದು ದಿನವೂ ದಾಟುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಟ್ಟು, ಚೀಲಗಳನ್ನು ತಿಂಗಳಿಗೊಮ್ಮೆ ತೆಗೆದು ಒಣಗಿಸಿ.

ಗೋಡೆಗೆ ಮತ್ತೆ ಹಾಕುವುದಾದರೆ ಒಳ್ಳೆಯ ಪ್ರತಿಯನ್ನೇ ಹಾಕಿ, ಹಾರ-ಕುಂಕುಮ ಅದಕ್ಕೇ ಸಲ್ಲಲಿ. ಮೂಲವೇ ಇರಬೇಕೆಂದು ಮನೆಯವರು ಹೇಳಿದರೆ ಗಾಜಿಗೂ ಫೋಟೋಗೂ ನಡುವೆ ಸುತ್ತ ದಪ್ಪ ರಟ್ಟಿನ ಪಟ್ಟಿ ಕೊಟ್ಟು ಎರಡು-ಮೂರು ಮಿಲಿಮೀಟರ್ ಸಂದಿ ಬಿಡಿಸಿ. ಕಟ್ಟಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಬಿರಡೆಯ ತುಂಡು ಅಂಟಿಸಿ, ಗೋಡೆಯ ತೇವ ತಾಗದಂತೆ ಗಾಳಿ ಆಡುತ್ತದೆ. ಹಾರವನ್ನು ಕಟ್ಟಿನ ಮೊಳೆಗೆ ಹಾಕದೆ ಮೇಲೆ ಬೇರೆಯೇ ಒಂದು ಮೊಳೆ ಹೊಡೆದು, ಗಾಜಿಗೆ ತಾಗದಂತೆ ತೂಗಿಬಿಡಿ.